ಕಡತದ ಅಂಚಿನ ಷರಾ

ಮೂವತ್ತಮೂರು ವರ್ಷ ಸರ್ಕಾರಿ ಕಡತಗಳ ದೂಳು ಕುಡಿದವನಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಯಾವ ಕಾಗದ ಕೈಗೆ ಬಂದರೂ ಮೊದಲು ಕೊನೆಯ ಪುಟ ತಿರುಗಿಸಿ ಸಹಿ ಯಾರದು ಎಂದು ನೋಡುವುದು, ಆಮೇಲೆ ಅಂಚಿನಲ್ಲಿ ಏನಾದರೂ ಗೀಚಿದ್ದಾರೆಯೇ ಎಂದು ಹುಡುಕುವುದು. ವಿಷಯ ಓದುವುದು ಮೂರನೆಯ ಕೆಲಸ. ಮದುವೆಯ ಕರೆಯೋಲೆಯನ್ನೂ ನಾನು ಹೀಗೆಯೇ ಓದುತ್ತೇನೆಂದು ಮನೆಯಲ್ಲಿ ನಗುತ್ತಾರೆ. ನಗಲಿ.

ಈ ಚಾಳಿಯಿಂದಾಗಿಯೇ ಒಂದು ಕಾಗದ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ. ಅಮೆರಿಕದ ರಕ್ಷಣಾ ಇಲಾಖೆಯದು. ಒಂದೇ ಪುಟ, ಈಗ ಯಾರು ಬೇಕಾದರೂ ನೋಡಬಹುದು. ಭಯೋತ್ಪಾದನೆಯ ಶಂಕಿತರನ್ನು ಅಮೆರಿಕ ಕೂಡಿಟ್ಟ ಗ್ವಾಂಟನಾಮೊ ಸೆರೆಮನೆಯಲ್ಲಿ ವಿಚಾರಣೆ ಮಾಡುವವರು ಕೈದಿಗಳ ಮೇಲೆ ಯಾವ ಯಾವ ವಿಧಾನ ಬಳಸಬಹುದು ಎಂದು ಇಲಾಖೆಯ ಮುಖ್ಯ ಕಾನೂನು ಅಧಿಕಾರಿ ಮಂಡಿಸಿದ ಟಿಪ್ಪಣಿ. ಪ್ರಸ್ತಾವದ ಪಟ್ಟಿಯಲ್ಲಿ ಬಟ್ಟೆ ಕಳಚುವುದಿದೆ, ಇಪ್ಪತ್ತು ಗಂಟೆಗಳ ವಿಚಾರಣೆಯಿದೆ, ನಾಯಿಗೆ ಹೆದರುವವನ ಹೆದರಿಕೆಯನ್ನು ಬಳಸಿಕೊಳ್ಳುವುದಿದೆ, ಹೆಚ್ಚೆಂದರೆ ನಾಲ್ಕು ಗಂಟೆ ನಿಲ್ಲಿಸುವುದಿದೆ. 2002ರ ಡಿಸೆಂಬರ್ 2ರಂದು ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಅದಕ್ಕೆ ಅನುಮೋದನೆಯ ಸಹಿ ಹಾಕಿದರು. ಹಾಕಿ ಸುಮ್ಮನಾಗಲಿಲ್ಲ, ಕೆಳಗೆ ತಮ್ಮ ಕೈಯಾರೆ ಒಂದು ಷರಾ ಬರೆದರು: ಆದರೆ ನಾನು ದಿನಕ್ಕೆ 8ರಿಂದ 10 ಗಂಟೆ ನಿಂತೇ ಇರುತ್ತೇನೆ, ನಿಲ್ಲುವುದಕ್ಕೆ 4 ಗಂಟೆಯ ಮಿತಿ ಏಕೆ?

ಅವರು ನಿಂತುಕೊಂಡು ಕೆಲಸ ಮಾಡಲು ಎತ್ತರದ ಮೇಜು ಇಟ್ಟುಕೊಂಡಿದ್ದವರು. ಕಾಲು ನೋಯಿತೆಂದರೆ ಕೂರುವುದಕ್ಕೆ ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಷರಾ ಎಂದರೇನೆಂದು ಕಚೇರಿಯ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಟಿಪ್ಪಣಿ ಬರೆಯುವವನು ವಿಷಯ ನಿರ್ವಾಹಕ. ತಿದ್ದುವವನು ನನ್ನಂಥ ಶಾಖಾಧಿಕಾರಿ. ಅಲ್ಲಿಂದ ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಎಂದು ಕಡತ ಮೆಟ್ಟಿಲು ಹತ್ತುತ್ತಾ ಹೋದಂತೆ ಬರವಣಿಗೆ ಕಿರಿದಾಗುತ್ತದೆ, ಸಹಿ ಹಿರಿದಾಗುತ್ತದೆ. ತುದಿಯಲ್ಲಿ ಕುಳಿತವರು ಬರೆಯುವುದು ‘ಅನುಮೋದಿಸಿದೆ’ ಎಂಬ ಒಂದೇ ಪದ. ನಾಳೆ ಎಡವಟ್ಟಾದರೆ, ‘ಕೆಳಗಿನವರು ಮಂಡಿಸಿದ್ದರು, ರಾಶಿ ಕಡತಗಳ ನಡುವೆ ಸಹಿ ಹಾಕಿದೆ’ ಎಂದು ಜಾರಿಕೊಳ್ಳಲು ಅನುಕೂಲ. ಷರಾ ಬರೆದವರಿಗೆ ಆ ಜಾರುಬಂಡೆ ಇಲ್ಲ. ಓದಿದ್ದಾರೆ, ಯೋಚಿಸಿದ್ದಾರೆ, ಸಾಲದು ಎಂದೂ ಅನ್ನಿಸಿದೆ ಎಂಬುದಕ್ಕೆ ಅದು ಸಾಕ್ಷಿ. ಆ ಅನುಮೋದನೆಯನ್ನು ರಮ್ಸ್‌ಫೆಲ್ಡ್ ಆರು ವಾರಗಳಲ್ಲಿ ಹಿಂದಕ್ಕೆ ಪಡೆದರು, ನಿಜ. ಅಷ್ಟರೊಳಗೆ ಆಗಬಾರದ್ದು ಆಗಿಹೋಗಿತ್ತು.

ಚಿತ್ರಹಿಂಸೆಗೆ ಅಪ್ಪಣೆ ಕೊಟ್ಟವರು ಅಧಿಕಾರದಿಂದ ಇಳಿದ ಮೇಲೆ, ನಂತರ ಬಂದ ಸರ್ಕಾರ ಅವರ ಮೇಲೆ ಮೊಕದ್ದಮೆ ಹೂಡಬೇಕೇ? ಹೂಡಲೇಬೇಕು ಎಂದು ನಾನು ನಂಬಿದ್ದೇನೆ. ಈ ಮಾತಿಗೆ ನನ್ನ ತಮ್ಮನ ಮಗ ನ್ಯೂಜೆರ್ಸಿಯಿಂದ ಫೋನಿನಲ್ಲಿ ಜಗಳಕ್ಕೇ ಬಂದ. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಹಡ್ಸನ್ ನದಿಯ ಈಚೆ ದಡದಲ್ಲಿ ನಿಂತು ಆ ಹೊಗೆಯನ್ನು ಕಣ್ಣಾರೆ ಕಂಡವನು ಅವನು. “ದೊಡ್ಡಪ್ಪ, ನೀವು ಬೆಂಗಳೂರಿನಲ್ಲಿ ಕುಳಿತು ಹೇಳುವುದು ಸುಲಭ. ಮತ್ತೊಂದು ದಾಳಿ ಯಾವಾಗ, ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಕುರ್ಚಿಯಲ್ಲಿ ನೀವಿದ್ದಿದ್ದರೂ ಸಹಿ ಹಾಕುತ್ತಿದ್ದಿರಿ” ಎಂದ. ಸುಮಾರು ಮೂರು ಸಾವಿರ ಜನ ಒಂದು ಬೆಳಗಿನಲ್ಲಿ ಸತ್ತ ಊರಿನ ಪಕ್ಕದಲ್ಲಿ ಬದುಕಿದವನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಹಾಕುತ್ತಿದ್ದೆನೋ ಏನೋ. ಹಾಕಿದ್ದರೆ ನನ್ನ ಮೇಲೂ ಮೊಕದ್ದಮೆ ನಡೆಯಬೇಕಿತ್ತು.

ಭಯದಲ್ಲಿ ಅವಸರದಿಂದ ಆದದ್ದು ಎನ್ನುತ್ತಾರೆ. ಕಡತ ನೋಡಿದರೆ ಅವಸರ ಕಾಣುವುದಿಲ್ಲ. 2002ರ ಆಗಸ್ಟ್ 1ರಂದು ಅಮೆರಿಕದ ನ್ಯಾಯ ಇಲಾಖೆಯಿಂದ ಜೇ ಬೈಬೀ ಸಹಿಯಲ್ಲಿ ಎರಡು ಅಭಿಪ್ರಾಯ ಪತ್ರಗಳು ಹೊರಬಿದ್ದವು. ಅವುಗಳ ತಯಾರಿಯಲ್ಲಿ ಮುಖ್ಯ ಕೈ ಜಾನ್ ಯೂ ಅವರದು. ಮೊದಲನೆಯದು ಚಿತ್ರಹಿಂಸೆ ಎಂದರೇನು ಎಂಬ ವ್ಯಾಖ್ಯೆ. ನೋವು ಅಂಗವೈಫಲ್ಯಕ್ಕೋ ಸಾವಿಗೋ ಸಮನಾದ ತೀವ್ರತೆಯಲ್ಲಿದ್ದರೆ ಮಾತ್ರ ಅದು ಚಿತ್ರಹಿಂಸೆ, ಅದಕ್ಕಿಂತ ಕಡಿಮೆಯಾದರೆ ಅಲ್ಲ. ಈ ಅಳತೆಗೋಲನ್ನು ಅವರು ಎಲ್ಲಿಂದ ತಂದರು ಗೊತ್ತೇ? ತುರ್ತು ವೈದ್ಯಕೀಯ ಸ್ಥಿತಿ ಎಂದರೇನೆಂದು ಹೇಳುವ, ಆರೋಗ್ಯ ಸೌಲಭ್ಯಗಳ ಕಾನೂನಿನಿಂದ. ರೋಗಿಗೆ ಆಸ್ಪತ್ರೆಯ ಖರ್ಚು ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಲು ಬರೆದ ಸಾಲನ್ನು ಕಿತ್ತು ತಂದು, ಮನುಷ್ಯನನ್ನು ಎಷ್ಟು ನೋಯಿಸಬಹುದು ಎಂಬುದಕ್ಕೆ ಅಂಟಿಸಿದರು. ನನ್ನ ಕೈಕೆಳಗಿನ ಹುಡುಗ ಪ್ರಯಾಣ ಭತ್ಯೆಯ ನಿಯಮವನ್ನು ತಂದು ಭೂಸ್ವಾಧೀನದ ಕಡತಕ್ಕೆ ಹಚ್ಚಿದ್ದರೆ ನಾನು ಕಡತವನ್ನು ಅವನ ಮೇಜಿಗೇ ಹಿಂದಕ್ಕೆ ಎಸೆಯುತ್ತಿದ್ದೆ.

ಎರಡನೆಯ ಪತ್ರ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ವಶದಲ್ಲಿದ್ದ ಅಬು ಜುಬೇದಾ ಎಂಬ ಒಬ್ಬನೇ ಕೈದಿಯ ಕುರಿತದ್ದು. ಹತ್ತು ವಿಧಾನಗಳಿಗೆ ಅದರಲ್ಲಿ ಒಪ್ಪಿಗೆ. ಒಮ್ಮೆಗೆ ಹನ್ನೊಂದು ದಿನ ಮೀರದಂತೆ ನಿದ್ದೆಗೆಡಿಸಬಹುದು. ಇಳಿಜಾರಿನ ಹಲಗೆಗೆ ಕಟ್ಟಿ, ಮುಖದ ಮೇಲೆ ಬಟ್ಟೆ ಹಾಕಿ, ಹನ್ನೆರಡರಿಂದ ಇಪ್ಪತ್ತನಾಲ್ಕು ಅಂಗುಲ ಎತ್ತರದಿಂದ ನೀರು ಸುರಿಯಬಹುದು. ಅವನಿಗೆ ಹುಳುಗಳೆಂದರೆ ಭಯವಂತೆ, ಆದ್ದರಿಂದ ಇಕ್ಕಟ್ಟಿನ ಪೆಟ್ಟಿಗೆಯಲ್ಲಿ ಕೂಡಿ ಕುಟುಕುವ ಹುಳು ಬಿಡುತ್ತೇವೆಂದು ಹೇಳಿ ಕಂಬಳಿಹುಳುವಿನಂಥ ನಿರುಪದ್ರವಿ ಹುಳುವನ್ನು ಬಿಡಬಹುದು. ಯಾವುದೋ ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತು, ಮುಂದೆ ಕಾಫಿ ಇಟ್ಟುಕೊಂಡು, ಯಾವ ಹುಳುವಾದರೆ ಕಾನೂನಿಗೆ ತೊಡಕಿಲ್ಲ ಎಂದು ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ಓದಿದವರು ಚರ್ಚಿಸಿರಬೇಕಲ್ಲ, ಆ ದೃಶ್ಯ ನನ್ನ ಕಣ್ಣಿಗೆ ಕಟ್ಟುತ್ತದೆ. ಅದೇ ಆಗಸ್ಟ್ ತಿಂಗಳಲ್ಲಿ ಆ ಮನುಷ್ಯನ ಮುಖಕ್ಕೆ ಕನಿಷ್ಠ 83 ಸಲ ನೀರು ಸುರಿದರು. ಒಮ್ಮೆ ಅವನು ಪ್ರಜ್ಞೆ ತಪ್ಪಿದ, ನೀರು ತುಂಬಿದ ತೆರೆದ ಬಾಯಿಯಿಂದ ಗುಳ್ಳೆಗಳು ಏಳುತ್ತಿದ್ದವು ಎಂದು ಅಮೆರಿಕದ ಸೆನೆಟ್ ಸಮಿತಿಯೇ 2014ರಲ್ಲಿ ಹೊರಹಾಕಿದ ವರದಿಯಲ್ಲಿ ಬರೆದಿದೆ. ಎರಡು ದಶಕ ಕಳೆದರೂ ಆತನ ಮೇಲೆ ಒಂದು ಆರೋಪ ಹೊರಿಸಲು ಅವರಿಂದ ಆಗಲಿಲ್ಲ.

ಕಾನೂನು ಅಭಿಪ್ರಾಯ ಕೋರುವ ಕಡತಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪಳಗಿದ ಅಧಿಕಾರಿ ‘ಇದನ್ನು ಮಾಡಬಹುದೇ’ ಎಂದು ಕೇಳುವುದಿಲ್ಲ. ‘ಇಂಥ ಪರಿಸ್ಥಿತಿಯಲ್ಲಿ, ಇಂಥ ನಿಯಮದಡಿ ಇದಕ್ಕೆ ಅಡ್ಡಿಯಿಲ್ಲವೆಂದು ಭಾವಿಸಿದೆ, ಅಭಿಪ್ರಾಯ ನೀಡಲು ಕೋರಿದೆ’ ಎಂದು ಬರೆಯುತ್ತಾನೆ. ಉತ್ತರ ಪ್ರಶ್ನೆಯ ಹೊಟ್ಟೆಯಲ್ಲೇ ಇರುತ್ತದೆ. ಮುಂದೆ ಆಕ್ಷೇಪಣೆ ಬಂದರೆ ಕೊಡೆಯಂತೆ ಬಿಚ್ಚಿಕೊಳ್ಳಲು ಒಂದು ಕಾಗದ ಬೇಕು, ಅಷ್ಟೇ. ಸಿಐಎ ಆ ಬೇಸಿಗೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಮುಂದೆ ಮೊಕದ್ದಮೆ ಹೂಡುವುದಿಲ್ಲವೆಂದು ಮೊದಲೇ ಬರೆದುಕೊಡಿ ಎಂದು ಕೇಳುವ ಪತ್ರದ ಕರಡನ್ನು ಅಲ್ಲಿನ ವಕೀಲರು ಸಿದ್ಧಪಡಿಸಿದ್ದರು. ತಪ್ಪಲ್ಲ ಎಂದು ನಿಜವಾಗಿ ನಂಬಿದವನು ನಿರೀಕ್ಷಣಾ ಜಾಮೀನಿಗೆ ಓಡುತ್ತಾನೆಯೇ? ಆದ್ದರಿಂದ ‘ಕಾನೂನು ಸಲಹೆಯನ್ನು ನಂಬಿ ಸದ್ಭಾವನೆಯಿಂದ ನಡೆದುಕೊಂಡರು’ ಎಂಬ ವಾದ ನನಗೆ ನಗೆ ತರಿಸುತ್ತದೆ. ಮಾಡಿದವರು ಸಲಹೆ ಇತ್ತು ಎನ್ನುತ್ತಾರೆ, ಸಲಹೆ ಕೊಟ್ಟವರು ನಾವೇನೂ ಮಾಡಲಿಲ್ಲ ಎನ್ನುತ್ತಾರೆ. ಇಬ್ಬರ ನಡುವೆ ಅಪರಾಧ ಎಲ್ಲೋ ಬಿದ್ದುಹೋಯಿತು.

ಶಿಕ್ಷೆ ಯಾರಿಗೂ ಆಗಲಿಲ್ಲ ಎಂದಲ್ಲ. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ಇರಾಕಿನ ಅಬು ಗ್ರೈಬ್ ಸೆರೆಮನೆಯಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಚಿತ್ರಗಳು 2004ರಲ್ಲಿ ಹೊರಬಿದ್ದ ಮೇಲೆ ಸೈನಿಕರಾದ ಚಾರ್ಲ್ಸ್ ಗ್ರೇನರ್‌ಗೆ ಹತ್ತು ವರ್ಷ, ಲಿಂಡಿ ಇಂಗ್ಲೆಂಡ್‌ಗೆ ಮೂರು ವರ್ಷ ಜೈಲಾಯಿತು. ಕೆಲವು ಕೊಳೆತ ಹಣ್ಣುಗಳು ಎಂದರು. 2008ರ ಕೊನೆಗೆ ಸೆನೆಟ್‌ನ ಸಶಸ್ತ್ರ ಪಡೆಗಳ ಸಮಿತಿ ತನಿಖೆ ಮಾಡಿ, ಇದು ಕೆಲವೇ ಸೈನಿಕರು ತಮ್ಮಷ್ಟಕ್ಕೆ ಮಾಡಿದ್ದಲ್ಲ, ಮೇಲಿನ ಅನುಮೋದನೆಗಳು ಹರಿದುಬಂದ ದಾರಿ ಇದು ಎಂಬ ಅರ್ಥದಲ್ಲಿ ಬರೆಯಿತು. ಸಿಐಎಯ ಮಾಜಿ ಅಧಿಕಾರಿ ಜಾನ್ ಕಿರಿಯಾಕೊ 2007ರಲ್ಲಿ ಟಿವಿಯಲ್ಲಿ, ಮುಖಕ್ಕೆ ನೀರು ಸುರಿಯುವ ವಾಟರ್‌ಬೋರ್ಡಿಂಗ್ ಬಗ್ಗೆ ಬಾಯಿಬಿಟ್ಟವರು. ಆಮೇಲೆ ಸಹೋದ್ಯೋಗಿಯೊಬ್ಬರ ಹೆಸರನ್ನು ಪತ್ರಕರ್ತರಿಗೆ ಹೇಳಿದ ತಪ್ಪಿಗೆ ಅವರಿಗೆ 30 ತಿಂಗಳ ಜೈಲು. ವಿಚಾರಣೆಯ 92 ವಿಡಿಯೊ ಟೇಪುಗಳನ್ನು 2005ರಲ್ಲಿ ನಾಶಪಡಿಸಿದ್ದಕ್ಕೆ ಯಾರ ಮೇಲೂ ಮೊಕದ್ದಮೆ ಇಲ್ಲ. (ನಮ್ಮಲ್ಲಿ ಒಂದು ಹಳೆಯ ಹಾಜರಿ ಪುಸ್ತಕ ಸುಡಬೇಕಾದರೂ ಪಟ್ಟಿ ಮಾಡಿ, ವರ್ಗ ನೋಡಿ, ಅನುಮತಿ ಪಡೆಯಬೇಕು.) ಬೈಬೀ 2003ರಲ್ಲಿಯೇ ಫೆಡರಲ್ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರಾದರು, ಅದೂ ಜೀವನಪೂರ್ತಿ. ಯೂ ಬರ್ಕ್ಲಿಯಲ್ಲಿ ಕಾನೂನು ಪಾಠ ಹೇಳುತ್ತಿದ್ದಾರೆ. ರಮ್ಸ್‌ಫೆಲ್ಡ್ 2021ರಲ್ಲಿ ತೀರಿಕೊಂಡರು.

2009ರ ಜನವರಿಯ ಒಂದೇ ವಾರವನ್ನು ನೋಡಿ. 9ನೇ ತಾರೀಕು ಮಯಾಮಿಯ ನ್ಯಾಯಾಲಯ ಲೈಬೀರಿಯದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್ ಮಗನಿಗೆ 97 ವರ್ಷಗಳ ಶಿಕ್ಷೆ ವಿಧಿಸಿತು. ಅವನು ತನ್ನ ತಂದೆಯ ಕಾಲದಲ್ಲಿ ಲೈಬೀರಿಯದಲ್ಲಿ ನಡೆಸಿದ ಚಿತ್ರಹಿಂಸೆಗೆ, ಅಮೆರಿಕದ್ದೇ ಚಿತ್ರಹಿಂಸೆ ವಿರೋಧಿ ಕಾನೂನಿನಡಿ. 11ನೇ ತಾರೀಕು, ಇನ್ನೂ ಅಧಿಕಾರ ವಹಿಸಿಕೊಳ್ಳದ ಬರಾಕ್ ಒಬಾಮ, ನಾವು ಹಿಂದೆ ನೋಡುವುದಕ್ಕಿಂತ ಮುಂದೆ ನೋಡಬೇಕು ಎಂದು ಟಿವಿ ಸಂದರ್ಶನದಲ್ಲಿ ಹೇಳಿದರು. 14ನೇ ತಾರೀಕು, ಗ್ವಾಂಟನಾಮೊ ಸೇನಾ ನ್ಯಾಯಮಂಡಳಿಗಳ ಉಸ್ತುವಾರಿ ಹೊತ್ತಿದ್ದ ಸೂಸನ್ ಕ್ರಾಫರ್ಡ್ ಅವರು, ಅಲ್‌ ಖಹ್ತಾನಿ ಎಂಬ ಕೈದಿಗೆ ನಾವು ಚಿತ್ರಹಿಂಸೆ ಕೊಟ್ಟೆವು, ಅದಕ್ಕೇ ಅವನ ಪ್ರಕರಣವನ್ನು ವಿಚಾರಣೆಗೆ ಕಳಿಸಲಿಲ್ಲ ಎಂದು ಹೇಳಿದ್ದು ಪತ್ರಿಕೆಯಲ್ಲಿ ಬಂತು. ಈತನೇ 9/11ರ ಇಪ್ಪತ್ತನೆಯ ಅಪಹರಣಕಾರ ಆಗಬೇಕಿದ್ದವನು ಎಂಬುದು ಆರೋಪ. ರಮ್ಸ್‌ಫೆಲ್ಡ್ ಷರಾ ಬರೆದ ಕಾಗದದ ಪಟ್ಟುಗಳು ಬಿದ್ದದ್ದು ಇವನ ಮೇಲೆಯೇ. 2022ರಲ್ಲಿ ಅವನನ್ನು ಸೌದಿ ಅರೇಬಿಯಕ್ಕೆ ವಾಪಸು ಕಳಿಸಿದರು.

ಇದನ್ನು ನಾನು ತಮ್ಮನ ಮಗನಿಗೆ ಹೇಳಿದೆ. ನೀನು ನದಿಯ ದಡದಲ್ಲಿ ನಿಂತು ಅತ್ತೆಯಲ್ಲ, ಆ ಸತ್ತವರಿಗೂ ನ್ಯಾಯ ಸಿಗದ ಹಾಗೆ ಮಾಡಿದ್ದು ಇದೇ ಸಹಿ. ಹೊಡೆದು ಹೇಳಿಸಿದ್ದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲವೆಂದು ನಮ್ಮ ತಾಲ್ಲೂಕು ಕೋರ್ಟಿನ ಗುಮಾಸ್ತನಿಗೂ ಗೊತ್ತು. ಅವನು ಆ ಕಡೆಯಿಂದ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಾಗಂತ ಒಬ್ಬರು ಬಂದು ಹಿಂದಿನವರನ್ನು ಜೈಲಿಗೆ ಹಾಕುತ್ತಾ ಹೋದರೆ, ಅಧಿಕಾರ ಬಿಟ್ಟು ಇಳಿಯುವವರು ಯಾರು ದೊಡ್ಡಪ್ಪ?” ಎಂದ.

ಇದು ಗಟ್ಟಿ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ನನಗೆ ವಾಷಿಂಗ್ಟನ್ ಬೇಡ, ಚಿಕ್ಕಮಗಳೂರು ಸಾಕು. 1976ರ ಮೇ ತಿಂಗಳಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಬೆಂಗಳೂರಿನ ಮನೆಯಿಂದ ಪೊಲೀಸರು ಲಾರೆನ್ಸ್ ಫರ್ನಾಂಡಿಸ್ ಅವರನ್ನು ಎತ್ತಿಕೊಂಡು ಹೋದರು. ಭೂಗತರಾಗಿದ್ದ ಅಣ್ಣ ಜಾರ್ಜ್ ಎಲ್ಲಿ ಎಂದು ಬಾಯಿಬಿಡಿಸಲು ಹೊಡೆದ ಹೊಡೆತ ಆ ಮನುಷ್ಯನ ಮೈಯನ್ನು ಮುರಿದುಹಾಕಿತು. ತಾಯಿ ಆಲಿಸ್ ರಾಷ್ಟ್ರಪತಿಗೆ ಪತ್ರ ಬರೆದರು. 1977ರಲ್ಲಿ ಜನತಾ ಸರ್ಕಾರ ಬಂತು, ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆಗೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಶಾ ಅವರ ಆಯೋಗ ಕುಳಿತಿತು. ಆಯೋಗದ ಕೆಲಸ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲೇ ಅಕ್ಟೋಬರ್ 3ರಂದು ಇಂದಿರಾ ಗಾಂಧಿಯವರನ್ನು ಬಂಧಿಸಿದರು. ಯಾವ ಆರೋಪಕ್ಕೆ? ಲಾರೆನ್ಸ್ ಮೈಮೇಲಿನ ಗಾಯಕ್ಕಲ್ಲ. ಚುನಾವಣೆಗೆ ಜೀಪು ಪಡೆದದ್ದಕ್ಕೆ, ಒಂದು ತೈಲ ಗುತ್ತಿಗೆಗೆ! ಮರುದಿನವೇ ಮ್ಯಾಜಿಸ್ಟ್ರೇಟರು ಬಿಟ್ಟು ಕಳಿಸಿದರು. ಮರುವರ್ಷ ಅವರು ಚಿಕ್ಕಮಗಳೂರಿನ ಲೋಕಸಭಾ ಉಪಚುನಾವಣೆಗೆ ನಿಂತಾಗ ‘ಏಕ್ ಶೇರ್ನಿ ಸೌ ಲಂಗೂರ್, ಚಿಕ್ಕಮಗಳೂರು ಭಾಯಿ ಚಿಕ್ಕಮಗಳೂರು’ ಎಂಬ ಘೋಷಣೆ. ನಾನಾಗ ಬಿ.ಎ. ಓದುತ್ತಿದ್ದ ಹುಡುಗ. ಅವರು ಗೆದ್ದರು, 1980ರಲ್ಲಿ ದೆಹಲಿಗೂ ಮರಳಿದರು. ಶಾ ಆಯೋಗದ ವರದಿ ಮೂಲೆ ಸೇರಿತು.

ಆದ್ದರಿಂದ ಸೇಡಿನ ಮೊಕದ್ದಮೆಯ ಭಯ ನನಗೂ ಇದೆ. ಆದರೆ ಚಿಕ್ಕಮಗಳೂರು ಹೇಳುವುದು ಹಿಂದಿನವರನ್ನು ಮುಟ್ಟಬೇಡಿ ಎಂದಲ್ಲ, ಜೀಪಿನ ಹಿಂದೆ ಓಡಬೇಡಿ ಎಂದು. ಮೂಳೆ ಮುರಿದದ್ದಕ್ಕೆ ಆರೋಪಪಟ್ಟಿ ಹಾಕಬೇಕಿದ್ದವರು ವಾಹನದ ಲೆಕ್ಕ ಕೇಳಿದರು, ಜನರಿಗೆ ಅದು ಹಗೆಯಂತೆ ಕಂಡಿತು. ಮಂತ್ರಿಗಳ ಮಾತು ಕೇಳದ ಅಭಿಯೋಜಕರ ಕೈಗೆ ಕಡತ ಕೊಟ್ಟು, ನ್ಯಾಯಾಲಯ ಏನು ಹೇಳುತ್ತದೋ ಹೇಳಲಿ. ಖುಲಾಸೆಯಾದರೂ ಆಗಲಿ. ಶಿಕ್ಷೆಯಾದ ಮೇಲೆ ವಯಸ್ಸು ನೋಡಿ ಕ್ಷಮಾದಾನ ಕೊಡಬೇಕೆನಿಸಿದರೆ ಅಧ್ಯಕ್ಷರು ಕೊಡಲಿ, ಆ ಕಾಗದಕ್ಕೆ ತಮ್ಮ ಸಹಿ ಹಾಕಿ. ವಿಚಾರಣೆಯನ್ನೇ ನಡೆಸದೆ ‘ಮುಂದೆ ನೋಡೋಣ’ ಎಂದರೆ ಅದು ಯಾರೂ ಸಹಿ ಹಾಕದ ಕ್ಷಮಾದಾನ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಅಮೆರಿಕದವರು ಬರೆದಿಟ್ಟರು, ನಮ್ಮಲ್ಲಿ ಅಂಥ ಕಾಗದವೇ ಹುಟ್ಟುವುದಿಲ್ಲ. ನಮ್ಮದು ‘ಸ್ವಲ್ಪ ಗಮನಿಸಿಕೊಳ್ಳಿ’ ಎಂಬ ದೂರವಾಣಿಯ ಆಡಳಿತ. ವೀರಪ್ಪನ್ ಬೇಟೆಯ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಪೊಲೀಸ್ ಕಾರ್ಯಪಡೆಯ ವಿಚಾರಣೆಯ ತಾಣವಾಗಿದ್ದ ‘ವರ್ಕ್‌ಶಾಪ್’ನಲ್ಲಿ ತಮಗೇನಾಯಿತೆಂದು ಕಾಡಂಚಿನ ಜನ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಹೇಳಿಕೊಂಡರು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಎಂದಿತು. ಆ ಹಣಕ್ಕೂ ಒಂದು ಮಂಜೂರಾತಿ ಆದೇಶ, ಒಂದು ಲೆಕ್ಕ ಶೀರ್ಷಿಕೆ ಇದ್ದಿರಲೇಬೇಕು. ಹೊಡೆಸಿದವರ ಜೇಬಿನಿಂದ ಹೋದದ್ದಲ್ಲ, ನನ್ನ ನಿಮ್ಮ ತೆರಿಗೆಯಿಂದ ಹೋದದ್ದು. ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಬೇಕೆಂದರೆ ಅದೇ ಸರ್ಕಾರದ ಪೂರ್ವಾನುಮತಿ ಬೇಕು. ಕರ್ತವ್ಯಕ್ಕೆ ಸಂಬಂಧವಿದ್ದರೆ ಮಿತಿಮೀರಿದ ವರ್ತನೆಗೂ ಅದು ಬೇಕೆಂದು 2020ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅನುಮತಿ ಕೋರಿದ ಕಡತಗಳು ಹೇಗೆ ಮಲಗುತ್ತವೆಂದು ನನಗೆ ಗೊತ್ತು. ‘ಚರ್ಚಿಸಿ’ ಎಂದು ಬರೆದು ಕೆಳಕ್ಕೆ ಇಳಿಸಿದರೆ ಒಂದು ಮಳೆಗಾಲ ಕಳೆಯುತ್ತದೆ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿದೆ, ಇಂದಿಗೂ ಅನುಸಮರ್ಥಿಸಿಲ್ಲ. 1994ರಲ್ಲೇ ಅನುಸಮರ್ಥಿಸಿದ ಅಮೆರಿಕ ಮಾಡಿದ್ದೇನೆಂದು ಮೇಲೆ ಬರೆದಿದ್ದೇನೆ.

ಒಂದು ಅಪವಾದ ಮಾತ್ರ ಗಡಿಯಾಚೆ, ಧರ್ಮಪುರಿ ಜಿಲ್ಲೆಯ ವಾಚಾತಿಯಿಂದ ಬಂತು. 1992ರಲ್ಲಿ ಗಂಧದ ಮರದ ನೆಪದಲ್ಲಿ ಆ ಬುಡಕಟ್ಟು ಹಳ್ಳಿಗೆ ನುಗ್ಗಿದ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ 269 ಆರೋಪಿಗಳಲ್ಲಿ ಆ ಹೊತ್ತಿಗೆ ಬದುಕಿದ್ದ 215 ಮಂದಿಯೂ ತಪ್ಪಿತಸ್ಥರೆಂದು 2011ರಲ್ಲಿ ತೀರ್ಪಾಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯುವಾಗ, ಆಗಿನ ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ ಮತ್ತು ಜಿಲ್ಲಾ ಅರಣ್ಯಾಧಿಕಾರಿಯ ಮೇಲೂ ಕ್ರಮ ಕೈಗೊಳ್ಳಿ ಎಂದಿತು. ಮೂವತ್ತೊಂದು ವರ್ಷದ ಮೇಲೆ ನ್ಯಾಯಾಲಯದ ಕಣ್ಣು ಲಾಠಿಯಿಂದ ಮೇಜಿನ ಕಡೆಗೆ ಹೊರಳಿತು.

ನಿವೃತ್ತರನ್ನು ಮತ್ತೆ ಎಳೆಯಬಾರದು, ಮುಗಿದದ್ದು ಮುಗಿಯಿತು ಎನ್ನುವವರಿಗೆ ನಮ್ಮ ಶಾಖೆಯ ಹಿರಿಯರೊಬ್ಬರ ಕಥೆ ಹೇಳುತ್ತೇನೆ. ನಮ್ಮ ಸೇವಾ ನಿಯಮಾವಳಿಯ 214ನೇ ನಿಯಮ ನಿವೃತ್ತನಾದವನನ್ನೂ ಬಿಡುವುದಿಲ್ಲ. ಪಿಂಚಣಿ ತಡೆಯಬಹುದು, ಸರ್ಕಾರಕ್ಕಾದ ನಷ್ಟ ವಸೂಲು ಮಾಡಬಹುದು. ಆ ಹಿರಿಯರು ನಿವೃತ್ತರಾಗುವಾಗ ದಾಸ್ತಾನು ಪುಸ್ತಕದಲ್ಲಿ ಒಂದು ಕನ್ನಡ ಟೈಪ್‌ರೈಟರ್ ಕಡಿಮೆ ಬಿತ್ತು. ಬೇಬಾಕಿ ಪ್ರಮಾಣಪತ್ರ ಸಿಗಲಿಲ್ಲ. ಉಪದಾನದ ಹಣ ಹನ್ನೊಂದು ತಿಂಗಳು ನಿಂತಿತು. ಮಗಳ ಮದುವೆಗೆ ಸಾಲ ಮಾಡಿದರು. ಕೊನೆಗೆ ಆ ಟೈಪ್‌ರೈಟರ್ ಪಕ್ಕದ ಕಟ್ಟಡದ ಮೆಟ್ಟಿಲಿನ ಕೆಳಗೆ, ಮುರಿದ ಕುರ್ಚಿಗಳ ನಡುವೆ ಸಿಕ್ಕಿತು.

ಕಳೆದ ತಿಂಗಳು ಅವರನ್ನು ನೋಡಲು ಹೋಗಿದ್ದೆ. ಎಂಬತ್ತು ದಾಟಿದೆ, ಓದಲು ಭೂತಗನ್ನಡಿ ಬೇಕು. ಮೊಬೈಲ್‌ನಲ್ಲಿ ರಮ್ಸ್‌ಫೆಲ್ಡ್ ಕಾಗದವನ್ನು ದೊಡ್ಡದು ಮಾಡಿ ತೋರಿಸಿ ಕನ್ನಡದಲ್ಲಿ ಓದಿ ಹೇಳಿದೆ.

“ಸಹಿ ಇವರದ್ದೇ ತಾನೇ?” ಎಂದರು.

“ಹೌದು ಸಾರ್.”

“ಷರಾ?”

“ಅದೂ ಅವರ ಕೈಬರಹವೇ.”

“ಅಲ್ಲವೆಂದು ಹೇಳಿದರೇ?”

“ಇಲ್ಲ ಸಾರ್.”

ಅವರು ಭೂತಗನ್ನಡಿಯನ್ನು ಪಂಚೆಯ ತುದಿಯಲ್ಲಿ ಒರೆಸಿ, ಇನ್ನೊಮ್ಮೆ ಆ ಎರಡು ಸಾಲುಗಳ ಮೇಲೆ ಹಿಡಿದು ಬಹಳ ಹೊತ್ತು ನೋಡಿದರು.

“ಆ ಟೈಪ್‌ರೈಟರಿನ ಹಸ್ತಾಂತರ ಪಟ್ಟಿಯಲ್ಲಿ ನನ್ನ ಸಹಿಯೇ ಇರಲಿಲ್ಲ ಕಣಯ್ಯಾ” ಎಂದರು.